ಮ್ಯೂನಿಕ್‌ಗೆ ಐದು ವಾರ ಮೊದಲೇ ಹೋದೆ, ಅದಕ್ಕೇ ರೂಮ್ ಸಿಕ್ಕಿತು

ಜರ್ಮನಿಯ ಮ್ಯೂನಿಕ್‌ನಲ್ಲಿ ನಾನು ಓದುವ ಯೂನಿವರ್ಸಿಟಿಯ ಸೆಮಿಸ್ಟರ್ ಶುರು ಅಕ್ಟೋಬರ್ 1ಕ್ಕೆ. ಕ್ಲಾಸು ಅದಕ್ಕಿಂತ ಎರಡು ವಾರ ತಡ. ನಾನು 2024ರ ಆಗಸ್ಟ್ ಕೊನೆಗೇ ಹೊರಡುತ್ತೇನೆ ಅಂದಾಗ, ಅಲ್ಲಿಗೆ ಓದಲು ಹೊರಟವರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಸುಮ್ನೆ ದುಡ್ಡು ದಂಡ, ಗಣೇಶನ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಗೆ ಹೋಗು" ಅಂದರು. ಅಮ್ಮನೂ ಅದನ್ನೇ ಹೇಳಿದರು. ಈಗ ಅದೇ ಗ್ರೂಪಿನವರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಎಪಿಎಸ್ (ಅಂಕಪಟ್ಟಿ ಪರಿಶೀಲನೆಯ ಸರ್ಟಿಫಿಕೇಟ್), ಬ್ಲಾಕ್ಡ್ ಅಕೌಂಟ್ (ವರ್ಷದ ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಖಾತೆ), ವಿಎಫ್‌ಎಸ್ (ವೀಸಾ ಅರ್ಜಿ ಕೊಡುವ ಕಚೇರಿ) ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಬೆಂಗಳೂರಿನಲ್ಲಿ ಕೂತು ಜೂನ್‌ನಿಂದ ರೂಮ್ ಹುಡುಕಿದ್ದೆ. ನೂರರ ಹತ್ತಿರ ಮೆಸೇಜ್ ಹೋಗಿರಬೇಕು. ಉತ್ತರ ಬಂದಿದ್ದು ಬೆರಳೆಣಿಕೆ. ಅದರಲ್ಲೂ ಒಬ್ಬ "ನಾನು ಊರಲ್ಲಿಲ್ಲ, ಡೆಪಾಸಿಟ್ ಹಾಕಿ, ಕೀ ಪೋಸ್ಟಿನಲ್ಲಿ ಕಳಿಸುತ್ತೇನೆ" ಅಂದ. ಇಂಥವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಸರ್ಕಾರಿ ಸ್ಟೂಡೆಂಟ್ ಹಾಸ್ಟೆಲಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರಿತ್ತು, ಅಷ್ಟೇ. ಮುಖ ನೋಡದೆ ಇಲ್ಲಿ ಯಾರೂ ರೂಮ್ ಕೊಡುವುದಿಲ್ಲ ಅಂತ ಆಗಲೇ ನನಗೆ ಖಾತ್ರಿಯಾಗಿತ್ತು.

ಮೊದಲು ಮಾಡಿದ ಕೆಲಸ ವೀಸಾ ತಾರೀಖು. ವೀಸಾ ಶುರುವಾಗುವ ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ, ಅಲ್ವಾ? ಅದಕ್ಕೆ ಫಾರ್ಮಿನಲ್ಲೇ ಆಗಸ್ಟ್ ತಾರೀಖು ಹಾಕಿ, ಸೆಪ್ಟೆಂಬರಿನ ಜರ್ಮನ್ ಕೋರ್ಸಿಗೆ ಸೇರಿದ ಪತ್ರವನ್ನೂ ಇಟ್ಟೆ. ಕೇಳಿದ ತಾರೀಖೇ ಸಿಕ್ಕಿತು. ಸ್ಟೂಡೆಂಟ್ ಇನ್ಶೂರೆನ್ಸ್ ಅಕ್ಟೋಬರ್ 1ರಿಂದ ಮಾತ್ರ, ಹಾಗಾಗಿ ಮಧ್ಯದ ವಾರಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇರೆ ಮಾಡಿಸಿದೆ.

ಅಸಲಿ ಉಪಾಯ ಇಲ್ಲಿದೆ. ಆಗಸ್ಟ್-ಸೆಪ್ಟೆಂಬರ್ ಇಲ್ಲಿನ ಹುಡುಗರಿಗೆ ರಜೆ. ಊರಿಗೋ ಇಂಟರ್ನ್‌ಶಿಪ್ಪಿಗೋ ಹೋಗುವವರು ತಮ್ಮ ರೂಮನ್ನು ಒಂದೆರಡು ತಿಂಗಳಿಗೆ ಬೇರೆಯವರಿಗೆ ಕೊಡುತ್ತಾರೆ. ಇದಕ್ಕೆ ಝ್ವಿಶನ್‌ಮೀಟೆ ಅಂತಾರೆ. ಎಲ್ಲರೂ ವರ್ಷಗಟ್ಟಲೆ ಸಿಗುವ ರೂಮಿನ ಹಿಂದೆ ಬಿದ್ದಿರುವುದರಿಂದ ಇಲ್ಲಿ ಪೈಪೋಟಿ ಕಡಿಮೆ. ಮೊದಲ ವಾರ ಪ್ರವಾಸಿಗರ ಹಾಸ್ಟೆಲಿನಲ್ಲಿ ಒಂದು ಬೆಡ್, ರಾತ್ರಿಗೆ ಸುಮಾರು 40 ಯೂರೋ. ಆಮೇಲೆ ಫ್ರೈಮಾನ್ ಕಡೆ ಸೆಪ್ಟೆಂಬರ್ ಪೂರ್ತಿ 450ರ ಆಸುಪಾಸು. ಯು6 ಮೆಟ್ರೋ ಪಕ್ಕದಲ್ಲೇ ಇತ್ತು. ಕೋಣೆ ಕೊಡುವವನು ಮನೆ ಮಾಲೀಕನಿಂದ ಕಾಗದ ತಂದುಕೊಡುತ್ತಾನಾ ಅಂತ ದುಡ್ಡು ಕೊಡುವ ಮೊದಲೇ ಕೇಳಿದೆ. ಆ ಕಾಗದ ಇಲ್ಲದೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಆಗುವುದಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಅದನ್ನು ಮಾಡಿಸಬೇಕು. ನನ್ನದು ಬೇಗ ಆಯಿತು. ಅದರ ಹಿಂದೆಯೇ ಬ್ಯಾಂಕ್ ಅಕೌಂಟ್, ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 934 ಯೂರೋ. ನನ್ನ ಕಾಲಕ್ಕೆ ವರ್ಷಕ್ಕೆ 11,208 ಇಡಬೇಕಿತ್ತು. 2024ರ ಸೆಪ್ಟೆಂಬರಿನಿಂದ ಅದು 11,904 ಆಯಿತು.

ಆ ರೂಮಿನಲ್ಲಿ ಕೂತುಕೊಂಡು ಖಾಯಂ ರೂಮ್ ಹುಡುಕಿದೆ. ಹತ್ತು ಹನ್ನೆರಡು ಮನೆ ನೋಡಿರಬಹುದು. ಒಂದು ಕಡೆ ಮೆಟ್ಟಿಲ ಮೇಲೆ ಇಪ್ಪತ್ತು ಜನ ಸಾಲು ನಿಂತಿದ್ದರು. ಇನ್ನೊಂದು ಕಡೆ ಅಡುಗೆಮನೆಯಲ್ಲಿ ಕೂರಿಸಿ ಒಂದು ಗಂಟೆ ಮಾತಾಡಿಸಿ, ಜರ್ಮನ್ ಸಾಲದು ಅಂತ ಮಾರನೇ ದಿನ ಬೇಡ ಅಂದರು. ಒಬ್ಬ ಮಾಲೀಕ ಸಂಬಳದ ಚೀಟಿ ಕೇಳಿದ, ವಿದ್ಯಾರ್ಥಿ ಎಲ್ಲಿಂದ ತರಬೇಕು? ಬೇಜಾರಾಗುತ್ತಿತ್ತು, ಆದರೆ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ನಿಲ್ಲುವ ಶಕ್ತಿ ನನಗಿತ್ತು, ಬೆಂಗಳೂರಿನಲ್ಲಿದ್ದವರಿಗೆ ಇರಲಿಲ್ಲ. ಕೊನೆಗೆ ಮಿಲ್ಬರ್ಟ್ಸ್‌ಹೋಫೆನ್‌ನಲ್ಲಿ 620ಕ್ಕೆ ಸಿಕ್ಕಿತು, ಹೀಟಿಂಗ್ ಸೇರಿ. ಡೆಪಾಸಿಟ್ ಎರಡು ತಿಂಗಳದ್ದು. ಕಾನೂನಿನ ಪ್ರಕಾರ ಹೀಟಿಂಗ್ ಬಿಟ್ಟು ಬರುವ ಬಾಡಿಗೆಯ ಮೂರು ತಿಂಗಳಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ, ನೆನಪಿರಲಿ. ರೂಮ್ ಕೇಳಿ ಕಳಿಸಿದ ಮೆಸೇಜಿನ ಮೊದಲ ಎರಡು ಸಾಲಿನಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ಕಾಪಿ ಮಾಡಿದರೆ ಆಮೇಲೆ ಯಾರಿಗೂ ನಡೆಯುವುದಿಲ್ಲ.

ಬಿಡುವಿದ್ದಾಗ ಮೊಸರಿನ ಪ್ರಯೋಗ ಬೇರೆ. ಇಲ್ಲಿನ 'ಮಿಲ್ಡ್' ಮೊಸರಿಗೆ ನಮ್ಮ ಹುಳಿ ಇಲ್ಲ, ಮಜ್ಜಿಗೆಹುಳಿಗೆ ಸಾಲುವುದಿಲ್ಲ. ಫ್ರೆಶ್ ಹಾಲು ಕಾಯಿಸಿ, ಊರಿಂದ ತಂದ ಒಣಮೆಣಸಿನಕಾಯಿ ತೊಟ್ಟು ಹಾಕಿ, ಓವನ್ ಲೈಟ್ ಮಾತ್ರ ಹಚ್ಚಿ ಒಳಗಿಟ್ಟೆ. ಮೊದಲು ಲೋಳೆಯಾಯಿತು. ಅದನ್ನೇ ಹೆಪ್ಪು ಮಾಡಿ ಮತ್ತೆರಡು ಸಲ ಹಾಕಿದ ಮೇಲೆ ಗಟ್ಟಿ ಮೊಸರು.

ದುಡ್ಡಿನ ವಿಷಯ. ಹಾಸ್ಟೆಲ್, ರೂಮ್, ಊಟ, ಆಗ 49 ಯೂರೋ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ (ಬಸ್ಸು, ರೈಲಿನ ತಿಂಗಳ ಪಾಸ್) ಎಲ್ಲ ಸೇರಿ 1,000 ಯೂರೋ ಒಳಗೇ, ಹತ್ತಿರ ಹತ್ತಿರ 90 ಸಾವಿರ ರೂಪಾಯಿ. ಜಾಸ್ತಿಯೇ. ಆದರೆ ಆ ವರ್ಷ ಆಕ್ಟೋಬರ್‌ಫೆಸ್ಟ್, ಅಂದರೆ ಊರು ತುಂಬ ಪ್ರವಾಸಿಗರು ಬರುವ ಬಿಯರ್ ಹಬ್ಬ, ಸೆಪ್ಟೆಂಬರ್ 21ರಿಂದ ಅಕ್ಟೋಬರ್ 6ರವರೆಗೆ. "ಸೆಪ್ಟೆಂಬರ್ ಕೊನೆಗೆ ಹೋಗು" ಅಂದವರೆಲ್ಲ ಅದರ ಮಧ್ಯದಲ್ಲೇ ಬಂದಿಳಿದರು. ನಾನಿದ್ದಂಥ ಬೆಡ್ಡಿಗೇ ಅವರು ರಾತ್ರಿಗೆ 100ರ ಮೇಲೆ ಕೊಟ್ಟರು, ನವೆಂಬರ್‌ವರೆಗೂ ರೂಮ್ ಹುಡುಕಿದರು. ಒಬ್ಬನಿಗೆ ನನಗಿಂತ ದುಪ್ಪಟ್ಟು ಖರ್ಚಾಯಿತು.

ಮುಂದಿನ ಸಲ ಬರುವವರು ಫಾರೆಕ್ಸ್ ಕಾರ್ಡಿನಲ್ಲಿ ಕನಿಷ್ಠ 1,500 ಯೂರೋ ಇಟ್ಟುಕೊಳ್ಳಿ. ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಕೈಗೆ ಬರುವುದಕ್ಕೆ ಮುಂಚೆಯೇ ಡೆಪಾಸಿಟ್ ಕೊಡಬೇಕಾಗುತ್ತದೆ.