ಹಳೇ ಟ್ರ್ಯಾಕ್ಟರ್‌ಗೆ ಹೆಚ್ಚುವರಿ ಹೈಡ್ರಾಲಿಕ್ ಲೈನ್: ನನ್ನ ಅನುಭವ

ಸೋಮವಾರಪೇಟೆ ಕಡೆ ನಮ್ಮದು ಕಾಫಿ ತೋಟ. ಟ್ರ್ಯಾಕ್ಟರ್ 35 ಎಚ್‌ಪಿಯದು, ಸೆಕೆಂಡ್ ಹ್ಯಾಂಡ್. ಹುಣಸೂರು ಕಡೆ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬಂದದ್ದು. ಇಂಜಿನ್ ಗಟ್ಟಿ, ಹಿಂದೆ ಉಪಕರಣ ಎತ್ತುವ ಲಿಫ್ಟ್ ಗಟ್ಟಿ. ಆದರೆ ಹೊರಗಿನ ಉಪಕರಣಕ್ಕೆ ಒತ್ತಡದ ಎಣ್ಣೆ (ಹೈಡ್ರಾಲಿಕ್) ಕೊಡಲು ಅಂತ ಇದ್ದದ್ದು ಟಿಪ್ಪಿಂಗ್ ಟ್ರೇಲರ್‌ನ ಒಂದೇ ಪೈಪು. ಅದರಲ್ಲಿ ಜಾಕ್ (ಎಣ್ಣೆಯ ಒತ್ತಡಕ್ಕೆ ರಾಡ್ ನೂಕುವ ಸಿಲಿಂಡರ್) ಮೇಲೇಳುತ್ತದೆ, ಇಳಿಯುವುದು ಟ್ರೇಲರ್‌ನ ಭಾರಕ್ಕೆ. ನನಗೆ ಬೇಕಿದ್ದದ್ದು ಸೌದೆ ಸೀಳುವ ಯಂತ್ರ. ಅದರ ಜಾಕ್ ಮುಂದಕ್ಕೂ ನೂಕಬೇಕು, ಹಿಂದಕ್ಕೂ ಬರಬೇಕು. ಅದಕ್ಕೆ ಎರಡು ಪೈಪು ಬೇಕೇ ಬೇಕು.

ಮರಗಸಿಯಲ್ಲಿ (ನೆರಳಿನ ಮರ ಸವರುವ ಕೆಲಸ) ಕಡಿದ ಕೊಂಬೆ, ಕಿತ್ತ ಹಳೇ ಕಾಫಿ ಬುಡ, ಗಾಳಿಗೆ ಬಿದ್ದ ಮರ, ಎಲ್ಲವನ್ನೂ ಜೂನ್ ಮಳೆ ಹಿಡಿಯುವ ಮುಂಚೆ ಸೀಳಿ ಒಳಗೆ ಹಾಕಬೇಕು. ಇಲ್ಲದಿದ್ದರೆ ಮಳೆಗಾಲವಿಡೀ ಹಸಿ ಸೌದೆ ಊದುತ್ತಾ ಕೂರಬೇಕು. ಕೊಡಲಿ ಹಿಡಿಯುವ ಆಳು ಸಿಗುವುದು ಎಷ್ಟು ಕಷ್ಟ ಅಂತ ತೋಟದವರಿಗೆ ಹೇಳಬೇಕಿಲ್ಲ, ಅಲ್ವಾ.

ಮೊದಲು ನೋಡಬೇಕಾದ್ದು ಪಂಪ್ ಎಲ್ಲಿದೆ ಅಂತ. ಹಳೇ ಮ್ಯಾಸಿ ಫರ್ಗ್ಯೂಸನ್ ತರದ ಗಾಡಿಯಲ್ಲಿ ಪಿಸ್ಟನ್ ಪಂಪ್ ಹೌಸಿಂಗ್ (ಗೇರ್‌ಗಳ ಹೊರಕವಚ) ಒಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ. ಲಿಫ್ಟ್‌ಗೆ ಬೇಡವಾದಾಗ ಅದು ಎಣ್ಣೆ ಎಳೆಯುವುದನ್ನೇ ನಿಲ್ಲಿಸುತ್ತದೆ. ಅದರ ದಾರಿಯೇ ಬೇರೆ. ನಮ್ಮದು ಇಂಜಿನ್ ಪಕ್ಕದಲ್ಲಿ ಗೇರ್ ಪಂಪ್ ಇರುವ ಬಗೆ. ಇಂಜಿನ್ ತಿರುಗುತ್ತಿರುವವರೆಗೂ ಎಣ್ಣೆ ಹರಿಯುತ್ತಲೇ ಇರುತ್ತದೆ. ಹೀಗಿದ್ದರೆ ಪಂಪ್ ಮತ್ತು ಲಿಫ್ಟ್ ನಡುವಿನ ಪೈಪನ್ನು ಬಿಡಿಸಿ, ಅಲ್ಲಿ ಎರಡು ಲೀವರ್‌ನ ಓಪನ್ ಸೆಂಟರ್ ವಾಲ್ವ್ (ಲೀವರ್ ನಡುವೆ ಇದ್ದಾಗ ಎಣ್ಣೆಯನ್ನು ತಡೆಯದೆ ಬಿಡುವ ಬಗೆ) ಕೂರಿಸಬಹುದು.

ಕುಶಾಲನಗರದ ಮೆಕ್ಯಾನಿಕ್ ಬೇರೆ ಉಪಾಯ ಹೇಳಿದ. "ಅಣ್ಣಾ, ಟಿಪ್ಪಿಂಗ್ ಲೈನಿಗೇ ವಾಲ್ವ್ ಹಾಕಿ ರಿಟರ್ನ್ ಗೇರ್‌ಬಾಕ್ಸಿಗೆ ಬಿಡೋಣ. ಅರ್ಧ ದಿನದ ಕೆಲಸ." ಆಗದ ಮಾತೇನಲ್ಲ, ಗೇರ್‌ಬಾಕ್ಸೇ ಈ ಎಣ್ಣೆಯ ಟ್ಯಾಂಕ್, ವಾಪಸ್ ಬರುವ ಎಣ್ಣೆ (ರಿಟರ್ನ್) ಅಲ್ಲಿಗೇ ಹೋಗಬೇಕು. ಆದರೆ ಎಣ್ಣೆ ಬರಬೇಕಾದರೆ ಲಿಫ್ಟ್ ಲೀವರ್ ಎತ್ತಿಟ್ಟಿರಬೇಕು. ಲಿಫ್ಟ್ ಬೇರೆ, ಜಾಕ್ ಬೇರೆ ಅಂತ ಆಡಿಸಲು ಬರುವುದಿಲ್ಲ. ಸೀಳುವ ಯಂತ್ರ ಲಿಫ್ಟ್ ಮೇಲೇ ಕೂರುವ ಸಾಮಾನು. ನನಗೆ ಅದು ಸರಿಬರಲಿಲ್ಲ.

ಈ ಕೆಲಸದ ಜೀವ ಇರುವುದು ಒಂದು ಚಿಕ್ಕ ಸಾಮಾನಿನಲ್ಲಿ. ಅಂಗಡಿಯಲ್ಲಿ ಅದನ್ನು ಕ್ಯಾರಿ ಓವರ್ ಅಥವಾ ಪವರ್ ಬಿಯಾಂಡ್ ಅಂತಾರೆ. ಲೀವರ್ ನಡುವೆ ಇದ್ದಾಗ ಎಣ್ಣೆ ಸುಮ್ನೆ ವಾಲ್ವ್ ದಾಟಿ ಲಿಫ್ಟ್‌ಗೆ ಹೋಗಬೇಕು. ಕೆಲವರು ವಾಲ್ವ್‌ನ ಟ್ಯಾಂಕ್ ಬಾಯಿಂದಲೇ (ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುವ ತೂತು) ಲಿಫ್ಟ್‌ಗೆ ಪೈಪ್ ಎಳೆದುಬಿಡುತ್ತಾರೆ. ಮೇಲ್ನೋಟಕ್ಕೆ ಎಲ್ಲ ಸರಿ, ಲಿಫ್ಟ್ ಏಳುತ್ತದೆ, ಜಾಕ್ ಓಡುತ್ತದೆ. ಆದರೆ ಲಿಫ್ಟ್ ಭಾರ ಹೊತ್ತಾಗ ಅಷ್ಟೂ ಪ್ರೆಷರ್ ಆ ಟ್ಯಾಂಕ್ ಬಾಯಿಗೆ ವಾಪಸ್ ಒತ್ತುತ್ತದೆ. ಆ ಬದಿಯನ್ನು ಅಷ್ಟು ಒತ್ತಡಕ್ಕೆ ಮಾಡಿರುವುದಿಲ್ಲ. ಲೀವರ್ ಬುಡದ ಸೀಲ್‌ಗಳು ಎಣ್ಣೆ ಉಗುಳಲು ಶುರುಮಾಡುತ್ತವೆ, ಮೈಯೇ ಬಿರುಕು ಬಿಡುವುದೂ ಉಂಟು. ಕ್ಯಾರಿ ಓವರ್ ಹಾಕಿದರೆ ದಾರಿ ಬೇರೆಬೇರೆ ಆಗುತ್ತದೆ. ಪಂಪಿನಿಂದ ಒಳಕ್ಕೆ ಒಂದು ಪೈಪು, ಕ್ಯಾರಿ ಓವರ್‌ನಿಂದ ಲಿಫ್ಟ್‌ಗೆ ಒಂದು, ಟ್ಯಾಂಕ್ ಬಾಯಿಂದ ಗೇರ್‌ಬಾಕ್ಸ್‌ಗೆ ಒಂದು. ವಾಲ್ವ್ ಕೊಳ್ಳುವಾಗಲೇ ಅದಕ್ಕೆ ಕ್ಯಾರಿ ಓವರ್ ಕೂರುತ್ತದೆಯೇ ಅಂತ ಕೇಳಿ. ಎಲ್ಲದಕ್ಕೂ ಕೂರುವುದಿಲ್ಲ.

ವಾಲ್ವನ್ನು ಬಲಗಡೆ ಮಡ್‌ಗಾರ್ಡ್‌ನ ಬೋಲ್ಟ್‌ಗೇ ಪಟ್ಟಿ ಕೊಟ್ಟು ಕೂರಿಸಿದೆವು. ಹೌಸಿಂಗ್‌ಗೆ ವೆಲ್ಡಿಂಗ್ ಮಾಡಿಸಲಿಲ್ಲ.

ಫಿಟ್ಟಿಂಗ್‌ನಲ್ಲಿ ತಾಳ್ಮೆ ಬೇಕು. ಅರ್ಧ ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ, ಅರ್ಧ ಇಂಚು ಬರೀ ಹೆಸರು) ಥ್ರೆಡ್ ಹೊರಗಿನಿಂದ ಅಳೆದರೆ ಸುಮಾರು 21 ಮಿ.ಮೀ. ಬರುತ್ತದೆ. 22 ಮಿ.ಮೀ. ಮೆಟ್ರಿಕ್ ಥ್ರೆಡ್ ಪಕ್ಕದಲ್ಲಿಟ್ಟರೆ ಎರಡೂ ಒಂದೇ ತರ ಕಾಣುತ್ತವೆ. ಕಣ್ಣಂದಾಜಿನಲ್ಲಿ ಸೇರಿಸಿ ಸ್ಪ್ಯಾನರ್‌ನಲ್ಲಿ ಬಿಗಿದರೆ ವಾಲ್ವ್‌ನ ಬಾಯಿ ಹೋಯಿತು. ವರ್ನಿಯರ್ ಮತ್ತು ಥ್ರೆಡ್ ಗೇಜ್ ಎರಡನ್ನೂ ಇಟ್ಟುಕೊಂಡು ಕೂರಿ. ಸೀಲಿಗೆ ಡೌಟಿ ವಾಷರ್ (ರಬ್ಬರ್ ಅಂಚಿನ ಲೋಹದ ವಾಷರ್) ಹಾಕಿ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಬೇಡ, ಅದರ ಚೂರು ಒಳಗೆ ಹೋಗಿ ವಾಲ್ವ್ ಹಿಡಿದುಕೊಳ್ಳುತ್ತದೆ. ಪ್ರೆಷರ್ ಪೈಪೆಲ್ಲ ಎರಡು ತಂತಿ ಹೆಣಿಗೆಯ ಅರ್ಧ ಇಂಚಿನವು. ರಿಟರ್ನ್ ಮುಕ್ಕಾಲು ಇಂಚು. ಅದರ ತುದಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬೀಳಬೇಕು, ಇಲ್ಲದಿದ್ದರೆ ನೊರೆ ಏಳುತ್ತದೆ.

ಇನ್ನು ಎಣ್ಣೆ. ಬಯಲುಸೀಮೆಯವರಿಗಿಂತ ನಮಗೆ ಇದರ ಚಿಂತೆ ಜಾಸ್ತಿ. ಟಿಪ್ಪಿಂಗ್ ಜಾಕ್ ಎದ್ದಾಗ ಅದರ ಒಳಗಿನ ಅಷ್ಟೂ ಎಣ್ಣೆ ಗೇರ್‌ಬಾಕ್ಸ್‌ನಿಂದ ಹೋಗಿರುತ್ತದೆ. ಆಗ ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಎಣ್ಣೆ ಒಂದು ಕಡೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಕೂಗು ಕೇಳಿದರೇ ಗೊತ್ತಾಗುತ್ತದೆ. ಎರಡು ಕಡೆ ಓಡುವ ಜಾಕ್‌ನಲ್ಲಿ ಈ ಕಾಟ ಕಡಿಮೆ. ಒಂದು ಬದಿಗೆ ಎಣ್ಣೆ ಹೋದಂತೆ ಇನ್ನೊಂದು ಬದಿಯಿಂದ ವಾಪಸ್ ಬರುತ್ತದೆ, ರಾಡ್‌ನ ಗಾತ್ರದಷ್ಟೇ ವ್ಯತ್ಯಾಸ. ಎಣ್ಣೆ ಮಟ್ಟ ನೋಡುವುದು ಜಾಕ್‌ಗಳೆಲ್ಲ ಒಳಗಿದ್ದಾಗ, ಸಮತಟ್ಟಾದ ಕಣದಲ್ಲಿ. ಜಾಕ್ ಎದ್ದಿದ್ದಾಗ ಮೇಲಿನ ಗೆರೆಯವರೆಗೆ ತುಂಬಿಸಿದರೆ, ಇಳಿಸಿದಾಗ ಅದು ಸೀಲ್ ಮೇಲೆ ಒತ್ತಿ ಹೊರಬರುತ್ತದೆ.

ಪ್ರೆಷರ್ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವನ್ನು ಗೇಜ್ ಇಲ್ಲದೆ ಮುಟ್ಟಬೇಡಿ. ನಾನು 150 ಬಾರ್‌ಗೆ ಇಟ್ಟಿದ್ದೇನೆ, ಟ್ರ್ಯಾಕ್ಟರ್‌ನ ಸ್ವಂತ ರಿಲೀಫ್‌ಗಿಂತ ಕಡಿಮೆ. ಸೀಳುವ ಜಾಕ್‌ನ ಬೋರ್ (ಒಳವ್ಯಾಸ) 100 ಮಿ.ಮೀ., ಈ ಪ್ರೆಷರ್‌ನಲ್ಲಿ ಸುಮಾರು 12 ಟನ್ ತಳ್ಳುತ್ತದೆ. ಸಿಲ್ವರ್ ಓಕ್‌ಗೆ ಧಾರಾಳ. ಗಂಟಿರುವ ಹಲಸಿನ ಬುಡಕ್ಕೆ ಕೆಲವೊಮ್ಮೆ ನಿಂತುಬಿಡುತ್ತದೆ, ತಿರುಗಿಸಿ ಇಡಬೇಕು. ಪ್ರೆಷರ್ ಏರಿಸುವ ಆಸೆ ಬರುತ್ತದೆ, ಏರಿಸಿಲ್ಲ. ವೇಗ ಬೇರೆ ಲೆಕ್ಕ. ಜಾಕ್ ಅರ್ಧ ಮೀಟರ್ ಮುಂದೆ ಹೋಗಲು ಸುಮಾರು 4 ಲೀಟರ್ ಎಣ್ಣೆ ಬೇಕು. ಪಂಪ್ ನಿಮಿಷಕ್ಕೆ 20 ಲೀಟರ್ ಕೊಟ್ಟರೆ ಹನ್ನೆರಡು ಸೆಕೆಂಡ್. ಅವಸರದವರಿಗೆ ನಿಧಾನ ಅನ್ನಿಸಬಹುದು. ಬೆರಳು ಉಳಿಯುತ್ತದೆ ಅಂತ ನನಗೆ ಖುಷಿ.

ಇದೇ ಲೈನಿಗೆ ಹೈಡ್ರಾಲಿಕ್ ಮೋಟರ್ ಹಾಕಿ ದಿನವಿಡೀ ಓಡಿಸಬಹುದಾ ಅಂತ ಕೇಳುವವರಿದ್ದಾರೆ. ಎಣ್ಣೆ ಬಿಸಿಯೇರುತ್ತದೆ, ಕೂಲರ್ ಇಲ್ಲ. ಅದಕ್ಕೆ ಪಿಟಿಓ (ಇಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ಶಾಫ್ಟ್) ಇದೆಯಲ್ಲ.

ಪೈಪಿನಲ್ಲಿ ಸಣ್ಣ ತೂತು ಬಿದ್ದಿದೆ ಅನ್ನಿಸಿದರೆ ಕೈ ಸವರಿ ಹುಡುಕಬೇಡಿ. ರಟ್ಟಿನ ತುಂಡು ಹಿಡಿಯಿರಿ. ಆ ಪ್ರೆಷರ್‌ನ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ನುಗ್ಗಿದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆ.

ಮಳೆಗಾಲದಲ್ಲಿ ಕ್ವಿಕ್ ಕಪ್ಲರ್‌ಗೆ (ಉಪಕರಣದ ಪೈಪು ಥಟ್ಟನೆ ಸಿಕ್ಕಿಸುವ ಬಾಯಿ) ಮುಚ್ಚಳ ಹಾಕದೆ ಬಿಟ್ಟರೆ ಕೆಂಪು ಮಣ್ಣು, ನೀರು, ಒಂದೊಂದು ಸಲ ಜಿಗಣೆಯೂ ಸೇರಿಕೊಳ್ಳುತ್ತದೆ. ಗೇರ್‌ಬಾಕ್ಸ್, ಲಿಫ್ಟ್, ಜಾಕ್ ಎಲ್ಲಕ್ಕೂ ಒಂದೇ ಎಣ್ಣೆ. ನೀರು ಸೇರಿದರೆ ಹಾಲಿನಂತೆ ಬೆಳ್ಳಗಾಗುತ್ತದೆ, ಪೂರ್ತಿ ಬದಲಿಸದೆ ಬೇರೆ ದಾರಿಯಿಲ್ಲ. ಪಕ್ಕದ ತೋಟದವರ ಉಪಕರಣ ತಂದರೆ ಮೊದಲು ಅದರ ಜಾಕ್‌ನಲ್ಲಿರುವ ಎಣ್ಣೆಯನ್ನು ಡಬ್ಬಕ್ಕೆ ಬಸಿದು ನೋಡುತ್ತೇನೆ. ಕಪ್ಪಗಿದ್ದರೆ ಉಪಕರಣ ಬಂದ ದಾರಿಯಲ್ಲೇ ವಾಪಸ್. ಇದಕ್ಕೆ ಒಬ್ಬರಿಬ್ಬರು ಮುಖ ಸಿಂಡರಿಸಿದ್ದಾರೆ.