ಅರ್ಧ ಸೆಂಟಿನ ಪಾರ್ಕ್: ಟೆಕ್ಸಸ್‌ನಲ್ಲಿ ನನ್ನ ಅನುಭವ

ಡಾಲಸ್‌ನ ಉತ್ತರಕ್ಕಿರುವ ನಮ್ಮ ಊರಿನಲ್ಲಿ ಪಾರ್ಕುಗಳಿಗೆ ದುಡ್ಡು ಹಂಚುವ ‘ಟೈಪ್ ಬಿ’ ನಿಗಮದ (ಟೆಕ್ಸಸ್ ಕಾನೂನಿನಡಿ ನಗರ ಕಟ್ಟಿಕೊಳ್ಳುವ ಸಂಸ್ಥೆ) ಮಂಡಳಿಯಲ್ಲಿ ನಾನು ಸದಸ್ಯನಾಗಿದ್ದೆ. ಒಟ್ಟು ಏಳು ಜನ, ನೇಮಿಸುವುದು ನಗರಸಭೆ. ಅವರಲ್ಲಿ ಮೂವರಾದರೂ ನಗರಸಭೆಯವರೂ ಅಲ್ಲದ, ಅದರ ನೌಕರರೂ ಅಲ್ಲದ ಜನರಾಗಿರಬೇಕು. ನಾನು ಆ ಲೆಕ್ಕದಲ್ಲಿ ಒಳಗೆ ಬಂದವನು.

ದುಡ್ಡು ಬರುವುದು ಸೇಲ್ಸ್ ಟ್ಯಾಕ್ಸ್‌ನಿಂದ. ರಾಜ್ಯದ ಪಾಲು 6.25%. ಅದರ ಮೇಲೆ ಸ್ಥಳೀಯವಾಗಿ ಹಾಕಬಹುದಾದದ್ದು ಹೆಚ್ಚೆಂದರೆ 2%, ಅಂದರೆ ಡಾಲರಿಗೆ ಎರಡು ಸೆಂಟ್. ಎಲ್ಲ ಕಿತ್ತಾಟ ಆ ಎರಡು ಸೆಂಟಿನದ್ದೇ. ಡಾಲಸ್ ಪಕ್ಕದ ಪ್ಲೇನೋ ನಗರ 1983ರಲ್ಲೇ ಡಾರ್ಟ್ ಸಾರಿಗೆ ವ್ಯವಸ್ಥೆಗೆ ಸೇರಿತು, ಅದರ ಒಂದು ಸೆಂಟ್ ಬಸ್ಸು ರೈಲಿಗೆ ಹೋಯಿತು. ಹಾಗಾಗಿ ಅಲ್ಲಿ ಪಾರ್ಕ್ ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆಯಿಂದ ತೀರಿಸುವ ಬಾಂಡ್ (ಸಾಲಪತ್ರ), ಅದಕ್ಕೆ ಮತದಾರರ ಒಪ್ಪಿಗೆ ಬೇಕು. ಅದೇ ಕಡೆಯ ಫ್ರಿಸ್ಕೋ, ಆಲೆನ್, ಮೆಕಿನಿ ನಗರಗಳು ಡಾರ್ಟ್ ಸೇರಲಿಲ್ಲ. ಹಾಗೆ ಡಾರ್ಟ್‌ಗೆ ಹೋಗದೆ ಉಳಿದ ಒಂದು ಸೆಂಟಿನಲ್ಲಿ ಅರ್ಧವನ್ನು ಕಂಪನಿಗಳನ್ನು ತರಲು, ಇನ್ನರ್ಧವನ್ನು ಪಾರ್ಕು, ಮೈದಾನದಂಥ ಕೆಲಸಗಳಿಗೆ ಇಟ್ಟುಕೊಂಡವು. ನಮ್ಮೂರೂ ಹಾಗೇ.

ನೂರು ಡಾಲರ್ ಖರ್ಚಾದರೆ ನಮಗೆ ಐವತ್ತು ಸೆಂಟ್. ಮನೆಗೆ ಒಯ್ಯುವ ಅಕ್ಕಿ ಬೇಳೆಗೆ ತೆರಿಗೆ ಇಲ್ಲ, ಹೋಟೆಲಿನ ದೋಸೆಗೆ ಇದೆ. ಪಕ್ಕದ ಊರಿಂದ ಶಾಪಿಂಗಿಗೆ ಬಂದವರೂ ನಮ್ಮ ಪಾರ್ಕಿಗೆ ಕಾಸು ಹಾಕಿ ಹೋಗುತ್ತಾರೆ. ಆಸ್ತಿ ತೆರಿಗೆ ಅಂದರೆ ಸಿಡಿಯುವ ನೆರೆಯವರಿಗೆ ಈ ಮಾತು ಬೇಗ ಹಿಡಿಸುತ್ತಿತ್ತು.

ಆದರೆ ತಿಂಗಳು ತಿಂಗಳು ಬರುವ ಕಾಸಿನಲ್ಲಿ ದೊಡ್ಡ ಪಾರ್ಕ್ ಏಳುವುದಿಲ್ಲ. ಬರಲಿರುವ ತೆರಿಗೆಯನ್ನು ತೋರಿಸಿ ಬಾಂಡ್ ಮೇಲೆ ಸಾಲ ಎತ್ತಬೇಕು. ಕಂತಿಗಿಂತ ವರಮಾನ ಎಷ್ಟು ಪಟ್ಟು ಇದೆ ಅಂತ ಬಾಂಡ್ ಕೊಳ್ಳುವವರು ನೋಡುತ್ತಾರೆ. ನಾನು ಜಾಸ್ತಿ ವಾದ ಮಾಡಿದ್ದು ಇಲ್ಲೇ. ಅವರು ಒಪ್ಪಿದಷ್ಟೂ ಸಾಲ ತೆಗೆಯೋಣ ಅನ್ನುವವರು ಮಂಡಳಿಯಲ್ಲಿ ಇದ್ದರು. ನಾನು ಬೇಡ ಅಂದೆ. ವ್ಯಾಪಾರ ಬಿದ್ದರೆ ಈ ತೆರಿಗೆಯೂ ಬೀಳುತ್ತದೆ. ಜನವರಿಯ ವ್ಯಾಪಾರದ ಪಾಲು ನಮ್ಮ ಕೈಸೇರುವುದೇ ಮಾರ್ಚ್‌ನಲ್ಲಿ, ಬಿದ್ದದ್ದು ಗೊತ್ತಾಗುವುದೂ ಆಗಲೇ. ಇನ್ನೊಂದು ವಿಷಯ: ಬಾಂಡ್ ದುಡ್ಡಿನಲ್ಲಿ ಮೈದಾನ ಕಟ್ಟಬಹುದು, ದಿನದಿನದ ಹುಲ್ಲು ಕತ್ತರಿಸಲು ಆಗುವುದಿಲ್ಲ. ಅದಕ್ಕೆ ಈ ಅರ್ಧ ಸೆಂಟಿನಿಂದ ಕೊಡಬಹುದು. ಎಲ್ಲವೂ ಕಂತಿಗೇ ಹೋದರೆ ಟೆಕ್ಸಸ್‌ನ ಆಗಸ್ಟ್ ಬಿಸಿಲಲ್ಲಿ ನೀರು ಹಾಯಿಸುವವರು ಯಾರು? ಕೊನೆಗೆ ಸಾಲದ ಮೊತ್ತ ಇಳಿಸಿದರು.

ಆ ಸಾಲದಲ್ಲಿ ಕಟ್ಟಬೇಕಾದವುಗಳ ಪಟ್ಟಿಯಲ್ಲಿ ಒಂದು ಕ್ರಿಕೆಟ್ ಮೈದಾನವೂ ಇತ್ತು. ಅದರ ಒತ್ತಾಯ ನಮ್ಮವರದ್ದೇ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಇಂಥ ಯೋಜನೆಗೆ ಪ್ರಕಟಣೆ ಕೊಟ್ಟು 60 ದಿನ ಕಾಯಬೇಕು. ಅಷ್ಟರಲ್ಲಿ 10%ಗಿಂತ ಹೆಚ್ಚು ಮತದಾರರು ಸಹಿ ಹಾಕಿ ಬೇಡ ಅಂದರೆ ಚುನಾವಣೆಗೆ ಹೋಗಬೇಕಾಗುತ್ತದೆ. ಸುಮ್ನೆ ಕೂರಲಿಲ್ಲ. ಬೇಸ್‌ಬಾಲ್ ಆಡುವ ಮಕ್ಕಳ ಅಪ್ಪ ಅಮ್ಮಂದಿರನ್ನೇ ಹುಡುಕಿಕೊಂಡು ಹೋಗಿ ನಕ್ಷೆ ತೋರಿಸಿದೆ. ಅವರು ಕೇಳಿದ್ದು ಎರಡೇ: ಪಾರ್ಕಿಂಗ್, ಶೌಚಾಲಯ. ಎರಡೂ ಆಟಕ್ಕೆ ಒಂದೇ ಕಡೆ ಆಗುವಂತೆ ಬರೆಸಿದೆವು. ಬೇಡ ಅನ್ನುವ ಸಹಿಗಳ ಅರ್ಜಿ ಬರಲಿಲ್ಲ. ಕ್ರಿಕೆಟ್ ಮೈದಾನದ ದೀಪಗಳನ್ನು ಮಾತ್ರ ಆ ಸಲ ಕೈಬಿಟ್ಟೆವು, ಇಳಿಸಿದ ಮೊತ್ತದಲ್ಲಿ ಅದಕ್ಕೆ ಜಾಗ ಇರಲಿಲ್ಲ.