ಅಟ್ಲಾಂಟಿಕ್ ವಸಾಹತುಗಳ ಬಟ್ಟೆಯನ್ನು ಓದುವ ಇತಿಹಾಸಕಾರರಾಗುವುದು ಹೇಗೆ

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಅಟ್ಲಾಂಟಿಕ್ ವಸಾಹತು ಸಮಾಜವನ್ನು, ಎಂದರೆ ಆ ಸಾಗರದಾಚೆ ಯುರೋಪಿನವರು ಕಟ್ಟಿದ ವಸಾಹತುಗಳ ಬದುಕನ್ನು, ಬಟ್ಟೆಯ ಮೂಲಕ ಅರಿಯಬಯಸುವವರು ಪತ್ರಾಗಾರದ ಬಾಗಿಲು ತಟ್ಟುವ ಮುನ್ನ ಕೆಲವು ವಾರವಾದರೂ ಮಗ್ಗದ ಬಳಿ ಕೂರಬೇಕು. ಹಾಸು ಯಾವುದು, ಹೊಕ್ಕು ಯಾವುದು, ನೂಲಿನ ಹುರಿ ಯಾವ ಕಡೆಗಿದೆ, ಹತ್ತಿಗೂ ಲಿನನ್ನಿಗೂ ಮುಟ್ಟಿದಾಗ ತಿಳಿಯುವ ವ್ಯತ್ಯಾಸವೇನು ಎಂಬುದು ಗೊತ್ತಿಲ್ಲದಿದ್ದರೆ ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿರುವ ಬಟ್ಟೆಗಳು ಬರಿಯ ಹೆಸರುಗಳಾಗಿಯೇ ಉಳಿಯುತ್ತವೆ.

ಸಂಶೋಧನೆಗೆ ಇಡೀ ಸಾಗರವನ್ನು ಆರಿಸಿಕೊಳ್ಳದೆ ಒಂದು ಬಟ್ಟೆಯನ್ನು ಆರಿಸಿಕೊಳ್ಳುವುದು ಲೇಸು. ಅದು ತಾನಾಗಿಯೇ ಸಾಗರವನ್ನು ದಾಟಿಸುತ್ತದೆ. ಜರ್ಮನಿಯ ಓಸ್ನಾಬ್ರೂಕ್ ಪಟ್ಟಣದ ಹೆಸರು ಹೊತ್ತ ಓಸ್ನಬರ್ಗ್ ಎಂಬ ಒರಟು ಲಿನನ್ನನ್ನು ಮುಂದೆ ಸ್ಕಾಟ್ಲೆಂಡಿನಲ್ಲೂ ನೇಯಲಾಯಿತು, ಮತ್ತು ಕೆರಿಬಿಯನ್ ದ್ವೀಪಗಳಲ್ಲೂ ಉತ್ತರ ಅಮೆರಿಕದಲ್ಲೂ ಅದು ಗುಲಾಮರ ಮೈಮೇಲಿನ ಬಟ್ಟೆಯಾಯಿತು. ಬ್ರಿಟನ್ನಿನ 1721ರ ಕಾಯ್ದೆ ಅಚ್ಚುಹಾಕಿದ ಹತ್ತಿಬಟ್ಟೆಯ ಬಳಕೆಯನ್ನು ತನ್ನ ನೆಲದಲ್ಲಿ ನಿಷೇಧಿಸಿತಾದರೂ, ಭಾರತದಿಂದ ತಂದ ಅಂಥ ಬಟ್ಟೆಯನ್ನು ಹೊರದೇಶಗಳಿಗೆ ಮರುರಫ್ತು ಮಾಡಲು ಅವಕಾಶ ಉಳಿಸಿತ್ತು. ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಭಾರತದ ಹತ್ತಿಬಟ್ಟೆಯನ್ನೇ ಹೇರಳವಾಗಿ ಕೊಡಲಾಗುತ್ತಿತ್ತು. ಇಂಥ ಬಟ್ಟೆಯನ್ನು ಹಿಂಬಾಲಿಸುವವರು ಅದು ತೊಡಿಸಿದ ಹಾಗೂ ಕೊಂಡ ಮೈಗಳನ್ನು ಒಂದು ಕ್ಷಣವೂ ಮರೆಯಬಾರದು.

ಆಕರಗಳಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ವಸಾಹತು ಪತ್ರಿಕೆಗಳಲ್ಲಿ ಬಂದ, ಪರಾರಿಯಾದ ಗುಲಾಮರನ್ನು ಹುಡುಕುವ ಜಾಹೀರಾತುಗಳಿಗೆ. ಹಿಡಿಯಲು ನೆರವಾಗಲೆಂದು ಯಜಮಾನನು ಅಂಗಿಯ ಬಣ್ಣ, ತೇಪೆ, ಗುಂಡಿ, ಒಯ್ದ ಹೆಚ್ಚಿನ ಉಡುಪುಗಳನ್ನೆಲ್ಲ ಬರೆಸುತ್ತಿದ್ದ. ಒಯ್ದ ಉಡುಪು ವೇಷ ಬದಲಿಸಲೋ ಮಾರಲೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಬರೆದ ದನಿ ಯಜಮಾನನದೆಂಬ ಎಚ್ಚರವೂ ಇರಬೇಕು. ಜಾಹೀರಾತನ್ನು ಕಾನೂನಿನ ಪಕ್ಕದಲ್ಲಿಟ್ಟು ಓದಿದಾಗ ವಿಷಯ ಇನ್ನಷ್ಟು ತೆರೆದುಕೊಳ್ಳುತ್ತದೆ: ದಕ್ಷಿಣ ಕೆರೊಲಿನಾದ 1740ರ ಕಾಯ್ದೆ ಗುಲಾಮರು ತೊಡಬಹುದಾದ ಅಗ್ಗದ ಬಟ್ಟೆಗಳನ್ನು ಹೆಸರಿಸಿಯೇ ಪಟ್ಟಿಮಾಡಿತು, ಆದರೆ ಅದನ್ನು ಪಾಲಿಸುತ್ತಿಲ್ಲವೆಂಬ ದೂರು ನಾಲ್ಕೇ ವರ್ಷಗಳಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ನ್ಯಾಯಮಂಡಳಿಯಿಂದಲೇ ಬಂತು.

ಬಡವರ ಬಟ್ಟೆ ಸವೆದು ಚಿಂದಿಯಾಗಿ ಹೋಗಿರುವುದರಿಂದ ಉಳಿದ ತುಣುಕುಗಳು ಅಮೂಲ್ಯ. ತಾಯಂದಿರು ಬಿಟ್ಟುಹೋದ ಶಿಶುಗಳನ್ನು ಸಾಕುತ್ತಿದ್ದ ಲಂಡನ್ನಿನ ‘ಫೌಂಡ್ಲಿಂಗ್ ಹಾಸ್ಪಿಟಲ್’ ಎಂಬ ಆಶ್ರಯಧಾಮದ ದಾಖಲೆಗಳಿಗೆ ಗುಂಡುಸೂಜಿಯಿಂದ ಚುಚ್ಚಿಟ್ಟ ಸುಮಾರು 5,000 ಬಟ್ಟೆಚೂರುಗಳು, ಅವು ವಸಾಹತಿನವಲ್ಲದಿದ್ದರೂ, ಬಟ್ಟೆಯ ಹೆಸರನ್ನು ಅದರ ನೇಯ್ಗೆಯೊಂದಿಗೆ ಹೊಂದಿಸಲು ಬಹಳ ನೆರವಾಗುತ್ತವೆ.

ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಡಚ್ ಭಾಷೆಗಳಲ್ಲಿ ಒಂದನ್ನಾದರೂ ಹಳೆಯ ಕೈಬರಹ ಓದುವಷ್ಟು ಕಲಿಯಬೇಕು. ಸ್ಪೇನಿನ ಸೆವಿಲ್ಲೆಯಲ್ಲಿ 1785ರಲ್ಲಿ ಸ್ಥಾಪನೆಯಾದ, ಆ ದೇಶದ ಅಮೆರಿಕ ವಸಾಹತುಗಳ ದಾಖಲೆಗಳಿರುವ ಇಂಡೀಸ್ ಪತ್ರಾಗಾರವು ಸ್ಪ್ಯಾನಿಷ್ ಬಾರದವರಿಗೆ ಮುಚ್ಚಿದ್ದಂತೆಯೇ. ಪಿಎಚ್‌ಡಿ ಹಂತದಲ್ಲಿ ಅಮೆರಿಕದ ಪ್ರಾವಿಡೆನ್ಸಿನ ಜಾನ್ ಕಾರ್ಟರ್ ಬ್ರೌನ್ ಗ್ರಂಥಾಲಯ ಮತ್ತು ಡೆಲವೇರಿನ ವಿಂಟರ್‌ಥರ್ ವಸ್ತುಸಂಗ್ರಹಾಲಯದ ಫೆಲೋಶಿಪ್‌ಗಳಿಗೂ, ಜವಳಿ ಇತಿಹಾಸಕ್ಕೆಂದೇ ಇರುವ ಪಾಸೋಲ್ಡ್ ನಿಧಿಗೂ ಅರ್ಜಿ ಹಾಕಬೇಕು.

ಮೊದಲ ದಿನದಿಂದಲೇ ಬಟ್ಟೆಹೆಸರುಗಳ ಒಂದು ಕೋಷ್ಟಕವನ್ನು ಇಟ್ಟುಕೊಂಡು, ಕಂಡ ಪ್ರತಿ ಕಾಗುಣಿತವನ್ನೂ ಊರು, ವರ್ಷ, ಬೆಲೆಗಳೊಂದಿಗೆ ದಾಖಲಿಸಬೇಕು. ಓಸ್ನಬರ್ಗ್ ಒಂದು ಕಡೆ ಓಜ್ನಬ್ರಿಗ್, ಇನ್ನೊಂದು ಕಡೆ ಓಜನ್‌ಬ್ರಿಗ್ ಆಗಿರುತ್ತದೆ. ಮೂರನ್ನೂ ಹುಡುಕದವರಿಗೆ ದಾಖಲೆಯಲ್ಲಿದ್ದ ಮನುಷ್ಯರೂ ಸಿಗುವುದಿಲ್ಲ.